ಫೋನಿನಲ್ಲಿ ಹೂಂಗುಟ್ಟಿದ ಅಂದಾನಿ

೧೭ ಜುಲೈ ೨೦೦೮, ಗುರುವಾರ. ಅಡ್ಯಾರ್.

ಖುಷಿಗೆ ನಿದ್ದೆಯೇ ಬರುತ್ತಿಲ್ಲ!

ಬೆಳಗ್ಗೆ ನಾನು ನಡೆಸುವ ತರಬೇತಿಗೆ ಬಂದ ಮ್ಯಾನೇಜರ್ ಅಂದಾನಿ ಮುಖ ಗಂಟು ಹಾಕಿಕೊಂಡಿದ್ದ. ಮಾಧವರಂನ ಮನೆಯಿಂದಲೇ ಕೆಲಸ ಮಾಡುವ ರಚನಾ ಫೋನಿನಲ್ಲಿ ಬಾಯಿಯೇ ಬಿಡುವುದಿಲ್ಲವಂತೆ. "ಸೋಮವಾರದಿಂದ ಆಫೀಸಿಗೇ ಬಾ ಅಂತೀನಿ ಸಾರ್. ಕೈಗೂಸಿದ್ರೆ ನಾನೇನ್ ಮಾಡ್ಲಿ?" ಹಾಗೆ ಹೇಳಿಬಿಟ್ಟರೆ ಅವಳು ಕೆಲಸ ಬಿಡಬೇಕಾಗುತ್ತದೆ.

ಮಧ್ಯಾಹ್ನ ಮ್ಯಾನೇಜರುಗಳನ್ನು ಇಬ್ಬಿಬ್ಬರಾಗಿ ಬೆನ್ನಿಗೆ ಬೆನ್ನು ಕೊಟ್ಟು ಕೂರಿಸಿದೆ. ಒಬ್ಬರು ಕಥೆ ಹೇಳಬೇಕು, ಇನ್ನೊಬ್ಬರು ತುಟಿ ಬಿಚ್ಚಕೂಡದು. ತನ್ನೂರಿನ ಎಮ್ಮೆ ಬಾವಿಗೆ ಬಿದ್ದ ಕಥೆ ಶುರು ಮಾಡಿದ ಅಂದಾನಿ ಅರ್ಧಕ್ಕೇ ನಿಲ್ಲಿಸಿ, "ಇದ್ದೀರೇನ್ರೀ?" ಎಂದು ತಿರುಗಿ ನೋಡಿದ. ಎಲ್ಲರೂ ನಕ್ಕರು. ನಮ್ಮೂರ ಜಗಲಿಯಲ್ಲಿ ಹೂಂಗುಟ್ಟುವವರು ಇಲ್ಲದಿದ್ದರೆ ಯಾರೂ ಕಥೆಯನ್ನೇ ಹೇಳುತ್ತಿರಲಿಲ್ಲ ಎಂದೆ.

ಅಂದಾನಿ ಮಾತ್ರ ನಗಲಿಲ್ಲ. "ರಚನಾ ಮಾತಾಡೋವಾಗ ನಾನು ಮ್ಯೂಟ್ ಒತ್ತಿ ಮೇಲ್ ನೋಡ್ತಿರ್ತೀನಿ ಸಾರ್."

ಸಂಜೆ ನನ್ನೆದುರೇ ಸ್ಪೀಕರ್ ಹಾಕಿ ಅವಳಿಗೆ ಫೋನ್ ಮಾಡಿದ. ಅವಳು ಒಂದು ಮಾತು ಆಡಿ ನಿಂತಳು. ಇವನು "ಹೂಂ" ಎಂದ. ಇನ್ನೊಂದು ಮಾತು ಬಂತು. "ಹೂಂ, ಆಮೇಲೆ?" ಅಷ್ಟೇ, ಕಟ್ಟೆ ಒಡೆದ ಹಾಗೆ! ಕೆಲಸದಲ್ಲಿ ಸಿಕ್ಕಿಕೊಂಡ ತೊಡಕು, ಅದಕ್ಕೆ ಅವಳೇ ಹುಡುಕಿದ ದಾರಿ, ಹೋಗಿ ಬರುವ ಕರೆಂಟು, ಎಲ್ಲವೂ ಹೊರಬಂತು.

ಕೊನೆಗೆ ಅವಳೇ, "ಸಾರ್, ನೀವೇನೋ ಹೇಳೋಕೆ ಫೋನ್ ಮಾಡಿದ್ರಲ್ಲ?" ಎಂದಳು.

ಅಂದಾನಿ ನನ್ನ ಮುಖ ನೋಡಿದ. "ಏನಿಲ್ಲಮ್ಮ. ಸೋಮವಾರ ಮನೆಗೇ ಫೋನ್ ಮಾಡ್ತೀನಿ, ಮಿಕ್ಕಿದ್ದು ಹೇಳೀವಂತೆ."

ಕುಣಿಯಬೇಕು ಅನ್ನಿಸಿತು! ಆದರೆ ಆ ಎಮ್ಮೆ ಬಾವಿಯಿಂದ ಮೇಲೆ ಬಂತೋ ಇಲ್ಲವೋ, ಕೇಳುವುದೇ ಮರೆತುಹೋಯಿತು.