ನೋಯ್ತೈತಿ ಅಂದೆ

೧೨ ಜೂನ್ ೧೯೪೪, ತಿಕೋಟಾ

ಸಾಲಿ ಮುಗಿಸಿ ಮನಿಗೆ ಬಂದೆ. ಮೂರನೇ ಇಯತ್ತೆ ಹುಡುಗರು ಮತ್ತ ಮಗ್ಗಿ ಮರತಾವ, ಕತ್ತಿಗೋಳು. ಚಹಾ ಕೊಟ್ಟು ಗುರುಬಸವ್ವ ಒಳಗ ಹೋಗಲಿಲ್ಲ. ಬಾಗಲಾ ಹಿಡದು ನಿಂತಳು. ಎಡ ಎದಿಯಾಗ ಗಂಟು ಐತಂತ, ಹುಣಸಿ ಬೀಜದಷ್ಟು. ಬಬಲೇಶ್ವರಕ್ಕ ತವರಿಗೆ ಹೋದಾಗ ಅವರವ್ವಗ ತೋರಿಸ್ಯಾಳ. ಗಂಡಗ ಹೇಳು ಅಂದಾಳ ಮುದುಕಿ.

"ದವಾಖಾನಿಗೆ ನಾನೂ ಬರ್ಲೇನ್ರಿ?"

"ಗಂಡಸ ಡಾಕ್ಟರ್ ಮುಂದ ನಿಂದೇನ್ ಕೆಲಸ? ನಾ ಹೇಳಿ ಔಷಧ ತರ್ತೀನಿ."

ಮಾನ ಮರ್ಯಾದಿ ನೋಡಬೇಕಲ್ಲ.

೧೭ ಜೂನ್, ಶನಿವಾರ

ವಿಜಾಪುರಕ್ಕ ಹೋಗಿ ಬಂದೆ. "ಕೈಲೆ ಮುಟ್ಟಿ ನೋಡದ ಹೆಂಗ ಹೇಳ್ಲಿ ಮಾಸ್ತರ? ಕರ್ಕೊಂಡ ಬರ್ರಿ" ಅಂದ್ರು ಡಾಕ್ಟರ್. ಆಕಿ ನಾಚ್ತಾಳ ಅಂದೆ... ಸುಳ್ಳು. ನೋಯ್ತೈತೇನು ಅಂದ್ರು. ನಾ ಕೇಳೇ ಇಲ್ಲ! ಸುತ್ತ ಹತ್ತ ಮಂದಿ. ಗೊತ್ತಿಲ್ಲ ಅನ್ನಾಕ ಮಾಸ್ತರಗ ನಾಚಿಕಿ. "ನೋಯ್ತೈತ್ರಿ" ಅಂದೆ. ಹಂಗಾರ ಬಾವು ಇರಬಹುದು ಅಂತ ಚೀಟಿ ಬರದು ಮುಲಾಮು ಕೊಟ್ರು. ಹದಿನೈದ ದಿನದಾಗ ಕರಗಲಿಲ್ಲಂದ್ರ ಆಕೀನ ಕರ್ಕೊಂಡ ಬರಾಕ ಬೇಕಂತ.

೯ ಜುಲೈ

"ಕರಗೇತೇನು?"

"ಹಂಗ ಐತ್ರಿ."

ಸಾಲಿ ಇನ್ಸ್‌ಪೆಕ್ಟರ್ ಬರೂವರದಾರ. ಅವರು ಬಂದು ಹೋಗ್ಲಿ ಅಂದೆ.

೨೨ ಡಿಸೆಂಬರ್

ಬರೀಲಿಲ್ಲ ಇಷ್ಟ ದಿನ. ಗಂಟು ಲಿಂಬಿಕಾಯಷ್ಟು ಆಗೇತಿ. ಮ್ಯಾಲಿನ ಚರ್ಮ ಒಳಗ ಜಗ್ಗೇತಿ. ವಿಜಾಪುರಕ್ಕ ಲೇಡಿ ಡಾಕ್ಟರ್ ಬಂದಾರಂತ, ಬಾಜೂಮನಿ ಮಾಬುಬಿ ಹೇಳ್ಯಾಳ. ನಾ ಕೇಳಿರಲೇ ಇಲ್ಲ.

೨೬ ಡಿಸೆಂಬರ್

ಲೇಡಿ ಡಾಕ್ಟರ್ ಪರದೆ ಎಳದ್ರು. ನಾ ಹೊರಗ. ಎಲ್ಲಾ ಕೇಳ್ತಿತ್ತು. ಕೈ ಮ್ಯಾಲೆತ್ತವ್ವಾ. ಮಲಗು. ಮೊದಲ ಗಂಟಿಲ್ಲದ ಕಡೆ ನೋಡ್ತೀನಿ, ಅಂಜಬ್ಯಾಡ. ಆಮ್ಯಾಲ ಬಗಲು, ಕುತ್ತಿಗಿ. ಹತ್ತ ಮಿನಿಟು. ಇಷ್ಟಕ್ಕ ಆರ ತಿಂಗಳ ಕಳದ್ನಲ್ಲ, ಮೂಳ ನಾನು.

"ಎಂದರ ನೊಂದೇತೇನವ್ವಾ?"

"ಒಮ್ಮಿನೂ ಇಲ್ರಿ."

"ಹಳೇ ಚೀಟಿಯಾಗ ನೋವೈತಿ ಅಂತ ಬರದಾರಲ್ಲ. ಯಾರು ಹೇಳಿದ್ರು?"

ಗುರುಬಸವ್ವನ ದನಿ ಕೇಳ್ತು.

"ನಾನೇ ಹೇಳಿ ಕಳಿಸಿದ್ದೆರಿ."

೨೮ ಡಿಸೆಂಬರ್, ಮುಂಜಾನೆ ೫

ಮೀರಜದ ದೊಡ್ಡ ದವಾಖಾನಿಗೆ ಹೊಂಟೇವಿ, ಆಪರೇಶನ್. ಬಗಲಾಗೂ ಗಂಟು ಅದಾವಂತ. ಜೂನಿನ್ಯಾಗ ಬಂದಿದ್ರ ಛಲೋ ಇತ್ತು ಅಂದ್ರು ಲೇಡಿ ಡಾಕ್ಟರ್. ಆಕಿ ನನಗೇನೂ ಅಂದಿಲ್ಲ. ಬುತ್ತಿ ಕಟ್ಟಾಕತ್ತಾಳ. ನನಗ ಸೇರ್ತೈತಂತ ಶೇಂಗಾ ಹಿಂಡಿ ಚಟ್ನಿ ಬ್ಯಾರೆ. ತಪ್ಪಾತು ಅನಬೇಕು. ಮೂರ ಸಲ ಅಡಿಗಿಮನಿಗೆ ಹೋದೆ, ನೀರ ಕುಡದು ಬಂದೆ. ಈಗ ಹೋಗಿ ಅಂತೀನಿ. ಗುರುಬಸವ್ವಾ, ಅವತ್ತ ನಾನು —