ಕುಸುಮಾಳ ಇಪ್ಪತ್ತು ಪಾಲು

ಕೆಂಗೇರಿ ಉಪನಗರ
ಸೋಮವಾರ ಬೆಳಗ್ಗೆ

ಬಸವೇಶ್ವರನಗರದ ಮಹಡಿ ಪೋರ್ಷನ್ನಿನಲ್ಲಿ ಒಬ್ಬಳೇ ರಾಜ್ಯವಾಳುತ್ತಿರುವ ನನ್ನ ಕುಸುಮಾಳಿಗೆ, ಕಿರೀಟ ಕಳಚಿ ಕಂಕುಳಲ್ಲಿಟ್ಟುಕೊಂಡು ನಿಂತಿರುವ ಚನ್ನಕೇಶವನ ನಮಸ್ಕಾರ.

ಗಂಡ ಹೆಂಡತಿಗೆ ಕೈಮುಗಿಯುವುದೇ ಎಂದು ನಗಬೇಡ. ನಿನ್ನೆ ಮಧ್ಯಾಹ್ನದಿಂದ ಈ ಕೈಗಳು ತಾವಾಗಿಯೇ ಮುಗಿದುಕೊಂಡಿವೆ. ಫೋನಿನಲ್ಲಿ ಹೇಳೋಣವೆಂದರೆ ನನ್ನ ಗಂಟಲು ಗೊತ್ತಲ್ಲ, ಪಕ್ಕದ ಮನೆಯವರು ಚಪ್ಪಾಳೆ ತಟ್ಟಿಬಿಡುತ್ತಾರೆ.

ನಿನ್ನನ್ನು ನೋಡಲು ಬಂದೆ ಅಂದೆನಲ್ಲ, ಅದು ಅರ್ಧ ನಿಜ. ಬ್ಯಾಗಿನಲ್ಲಿ ಈ ಮನೆಯ ಪತ್ರವಿತ್ತು. ನಮ್ಮ ನಾಟಕ ಸಂಘದ ಬೆಳ್ಳಿಹಬ್ಬಕ್ಕೆ ದೊಡ್ಡ ಸಭಾಂಗಣ, ಹೊಸ ಸೀನರಿ, ಇಬ್ಬರು ಹಾರ್ಮೋನಿಯಂ ಮೇಷ್ಟ್ರು ಬೇಕು. ಅದಕ್ಕೆ ಮನೆ ಅಡ ಇಡಬೇಕು, ಅಡಕ್ಕೆ ನಿನ್ನ ಸಹಿ ಬೇಕು. ಹಿಂದಿನ ನಾಟಕಕ್ಕೆ ನಿನ್ನ ಸ್ಕೂಟರ್ ಹೋದ ದಿನವೇ ಹೊಲಿಗೆ ಮಿಷನ್ ಎತ್ತಿಕೊಂಡು ಹೊರಟವಳು ನೀನು. ಆದರೂ ವಿಜಯನಗರದಲ್ಲಿ ಮೆಟ್ರೊ ಇಳಿದು ಆಟೋ ಹತ್ತುವಾಗ, ಒಂದು ಗಟ್ಟಿ ಡೈಲಾಗು ಹೊಡೆದರೆ ಸಹಿ ಬಿದ್ದೇ ಬೀಳುತ್ತದೆ ಎಂಬ ಧೈರ್ಯ ನನ್ನದು.

ಬಾಗಿಲು ತೆರೆದರೆ, ಆಹಾ, ಏನು ದೃಶ್ಯ! ಊಟದ ಮೇಜಿನ ಮೇಲೆ ಇಸ್ಪೀಟು, ದುಡ್ಡಿನ ಬದಲು ಪಣಕ್ಕಿಡುವ ಬಣ್ಣಬಣ್ಣದ ಬಿಲ್ಲೆಗಳು. ಆ ಕಡೆ ಮನೆ ಓನರ್ ಲತಾ, ಈ ಕಡೆ ಕೆಳಮನೆಯ ಮೋಹನ್ ಕುಮಾರ್, ನಡುವೆ ನನ್ನ ಧರ್ಮಪತ್ನಿ!

"ಪೋಕರ್ ರೀ. ಭಾನುವಾರ ಆಡ್ತೀವಿ. ಕೂತ್ಕೊಳ್ಳಿ, ಮಾತಾಡ್ಬೇಡಿ" ಅಂದೆ ನೀನು.

ಮಾತಾಡಬೇಡಿ! ಹತ್ತು ಹಳ್ಳಿಗೆ ಮೈಕಿಲ್ಲದೆ ಕೇಳಿಸಿದ ಗಂಟಲಿಗೆ! ಸರಿ, ಕುಳಿತೆ. ಎಲೆ ಬರುತ್ತಿತ್ತು, ನೀನು ನೋಡಿ ಕೆಳಗಿಡುತ್ತಿದ್ದೆ. ಮತ್ತೆ ಬರುತ್ತಿತ್ತು, ಮತ್ತೆ ಕೆಳಗಿಡುತ್ತಿದ್ದೆ. ಇದೆಂಥ ಸಪ್ಪೆ ಪಾತ್ರ ಅನ್ನಿಸಿತು. ಅಷ್ಟರಲ್ಲಿ ನಿನ್ನ ಮುಂದಿದ್ದ ಬಿಲ್ಲೆಗಳನ್ನೆಲ್ಲ ಒಂದೇ ಸಲ ನಡುವಿಗೆ ತಳ್ಳಿದೆಯಲ್ಲ, ನನ್ನ ಎದೆ ಉಬ್ಬಿತು. ಇವಳು ನನ್ನವಳೇ! ನಿನ್ನ ಕೈಯಲ್ಲಿ ಜೋಡಿ ರಾಜ. ಮೋಹನ್ ಕುಮಾರನ ಕೈಯಲ್ಲಿ ಬರೀ ಜೋಡಿ ಒಂಬತ್ತು. ಮೇಜಿನ ನಡುವೆ ಎಲ್ಲರಿಗೂ ಸೇರಿದ ಕೊನೆಯ ಎಲೆ ಮಗುಚಿದರೆ ಮೂರನೆಯ ಒಂಬತ್ತು! ಜೋಡಿಗಿಂತ ಮೂರು ದೊಡ್ಡದಂತೆ. ನಿನ್ನ ರಾಜರಿಬ್ಬರೂ ನೆಲಕಚ್ಚಿದರು.

"ಏನಾಂಟಿ, ಸೋತು ಓಡೋಗ್ತೀರಾ? ಇನ್ನೊಂದ್ಸಲ ಹಾಕಿ, ವಾಪಸ್ ತಗೊಳ್ಳಿ" ಎಂದು ಆತ ಕೆಣಕಿದ.

ಆಗ ನನಗೇನಾಯಿತೋ! ಇಪ್ಪತ್ತೈದು ವರ್ಷ ಜೂಜಿನ ದೃಶ್ಯದ ರಾಜನಾಗಿ, ಕೆಣಕಿದೊಡನೆ ಉಂಗುರ ಕಿತ್ತು ಪಣಕ್ಕೆಸೆದ ಅಭ್ಯಾಸ. ಎದ್ದು ನಿಂತೆ, ಎಡಗೈ ಸೊಂಟದ ಮೇಲಿಟ್ಟೆ. "ಇಗೋ, ನನ್ನ ರಾಣಿಯ ಪರವಾಗಿ!" ಎಂದು ಗರ್ಜಿಸಿ ನಾಟಕಕ್ಕೆ ಬಂದ ಬಹುಮಾನದ ಉಂಗುರವನ್ನು ಮೇಜಿನ ಮೇಲೆ ಎಸೆದೇಬಿಟ್ಟೆ. ಕೆಳಗೆ ನಾಯಿ ಬೊಗಳಿತು.

ನೀನು ಉಂಗುರವನ್ನು ಅಂಗೈಯಲ್ಲಿ ಒಮ್ಮೆ ಆಡಿಸಿದೆ. ಬಂದು ನನ್ನ ಬೆರಳಿಗೇ ತೊಡಿಸಿದೆ. "ಚಿನ್ನದ್ದು ರೀ, ಜೋಪಾನ. ಇವತ್ತಿನ ಪಾಲು ಮುಗೀತು, ನಾನು ಕಾಫಿ ಮಾಡ್ತೀನಿ" ಅಂದೆ. ಮೋಹನ್ ಕುಮಾರ್‌ಗೆ "ಚೆನ್ನಾಗ್ ಆಡಿದ್ರಿ ಕಣ್ರಿ" ಎಂದು ನಕ್ಕೆ ಬೇರೆ!

ನಾನು ಅಡಿಗೆಮನೆಗೆ ನಿನ್ನ ಹಿಂದೆಯೇ ಬಂದು, ಅಷ್ಟು ಒಳ್ಳೆಯ ಎಲೆ ಹಿಡಿದು ಸೋತೆಯಲ್ಲೇ, ಹೊಟ್ಟೆ ಉರಿಯಲಿಲ್ಲವೇ ಎಂದು ಕೇಳಿದೆ. ನೀನು ಸ್ಟೀಲ್ ಡಬ್ಬಿ ತೋರಿಸಿದೆ. ಬ್ಲೌಸ್ ಹೊಲಿದ ದುಡ್ಡಿನಲ್ಲಿ ಬಾಡಿಗೆ, ದಿನಸಿ, ಔಷಧಿ ಕಳೆದು, ಹೋದರೂ ಸರಿಯೆಂದು ಎತ್ತಿಟ್ಟದ್ದಷ್ಟೇ ಅದರಲ್ಲಿ. ಅದರಲ್ಲೂ ಇಪ್ಪತ್ತು ಪಾಲು. ಒಂದು ಭಾನುವಾರಕ್ಕೆ ಒಂದೇ ಪಾಲು. ಡಬ್ಬಿಯ ದುಡ್ಡು ಇಳಿದರೆ ಪಾಲೂ ಸಣ್ಣದು.

"ಎಲೆ ನನ್ ಕೈಲಿಲ್ಲ ರೀ. ಒಳ್ಳೇದು ಬಂದ್ರೂ ಸೋಲ್ತೀವಿ. ಎಷ್ಟು ತಗೊಂಡ್ ಕೂರ್ಬೇಕು, ಯಾವಾಗ ಏಳ್ಬೇಕು, ಅದಷ್ಟೇ ನನ್ ಕೈಲಿರೋದು. ಮುಂದಿನ ಭಾನುವಾರ ಮತ್ತೆ ಕೂರ್ಬೇಕಲ್ಲ?"

ಕುಸುಮಾ, ನನ್ನ ರಾಜ ಎಲ್ಲ ಪಣಕ್ಕಿಟ್ಟಾಗ ಸಿಳ್ಳೆ ಬಿದ್ದಿದೆ, ಹೂಮಾಲೆ ಬಿದ್ದಿದೆ. ಆದರೆ ಸೋತ ಮೇಜಿನಿಂದ ನಗುತ್ತ ಎದ್ದು ಹಾಲು ಕಾಯಿಸಲು ಹೋದವರನ್ನು ಯಾವ ರಂಗದ ಮೇಲೂ ನಾನು ಕಂಡಿರಲಿಲ್ಲ. ಎಸೆಯುವುದೇ ಎದೆಗಾರಿಕೆ ಎಂದುಕೊಂಡಿದ್ದೆ. ಹತ್ತೊಂಬತ್ತು ಪಾಲನ್ನು ಡಬ್ಬಿಯಲ್ಲೇ ಬಿಟ್ಟು ಎದ್ದವಳ ಎದೆ ಎಷ್ಟಗಲವೋ! ಬ್ಯಾಗು ತೆರೆಯದೆಯೇ ಕಾಫಿ ಕುಡಿದು ಹೊರಟುಬಂದೆ.

ಮನೆ ಪತ್ರ ಸಹಿಯಿಲ್ಲದೆ ಮರಳಿ ಬೀರು ಸೇರಿದೆ. ಸಭಾಂಗಣ ಬೇಡವೆಂದು ಸಂಘದ ಯಶ್ವಂತನಿಗೆ ಇಂದೇ ಹೇಳಿದೆ. "ಸಾರ್, ಹುಷಾರಾಗಿದೀರ ತಾನೇ?" ಎಂದು ಹೆದರಿದ. ಬೆಳ್ಳಿಹಬ್ಬ ನಮ್ಮ ಪಾರ್ಕಿನ ಕಟ್ಟೆಯ ಮೇಲೆ, ಹಳೇ ಪರದೆಯಲ್ಲಿ, ನನ್ನ ಪೆನ್ಷನ್ನಿನಲ್ಲಿ ಎತ್ತಿಟ್ಟ ಒಂದು ಪಾಲಿನಲ್ಲಿ. ಮುಂದಿನ ವರ್ಷ ಮತ್ತೆ ಆಡಬೇಕಲ್ಲ?

ಮುಂದಿನ ಸಾಲಿನಲ್ಲಿ ನಿನಗೊಂದು ಕುರ್ಚಿ ಹಾಕಿಸಿರುತ್ತೇನೆ. ಬರುವುದು, ಬಿಡುವುದು ನಿನ್ನ ಕೈಯಲ್ಲಿದೆ.

ಇಂತಿ, ಮಾತು ನಿಂತುಹೋದ
ಚನ್ನಕೇಶವ

ಮರೆತಿದ್ದು: ಆ ಉಂಗುರ ಹಿತ್ತಾಳೆಯದು. ಅಸಲಿಯದು ಹಿಂದೆಯೇ ಮೈಕ್ ಸೆಟ್ಟಿಗೆ ಹೋಯಿತು. ದಿನಾ ಸೂಜಿ ಹಿಡಿಯುವ ನಿನ್ನ ಕೈಗೆ ಅದರ ತೂಕ ಗೊತ್ತಾಗದೆ ಇರುತ್ತದೆಯೇ? ಗೊತ್ತಾಗಿಯೂ ಅಷ್ಟು ಜನರೆದುರು "ಚಿನ್ನದ್ದು ರೀ" ಅಂದೆಯಲ್ಲ, ಅದನ್ನೇ ನೆನೆದು ಕೂತಿದ್ದೇನೆ.