ನಿಲ್ಲಿಸದೆ ಹೊಲಿದ ಹೃದಯ

ಅತ್ತೆ,

ಮಾವನ ಆಪರೇಷನ್ ನಿನ್ನೆ ಚೆನ್ನಾಗಿ ಆಯಿತು. ನಾನು ಸ್ನಾನಕ್ಕೆಂದು ಮನೆಗೆ ಬಂದಾಗ ನೀವು ದೇವಸ್ಥಾನಕ್ಕೆ ಹೋಗಿದ್ದಿರಿ, ಅದಕ್ಕೇ ಬರೆದಿಟ್ಟು ಹೋಗುತ್ತಿದ್ದೇನೆ. ಹಾಲು ಕಾಯಿಸಿದ್ದೇನೆ. ಮೊದಲು ಏನಾದರೂ ತಿನ್ನಿ, ಎರಡು ದಿನದ ಉಪವಾಸ ಸಾಕು.

"ಆಪರೇಷನ್ನಿಗೆ ಅಂತ ನಿಲ್ಸಿದ ಹೃದಯ ಮತ್ತೆ ಹೊಡ್ಕೊಳ್ದೆ ಹೋದ್ರೆ?" ಎಂದು ಹೆದರಿ ನೀವು ಬಾಗಿಲು ಹಾಕಿಕೊಂಡು ಕೂತಿರಿ, ಆಸ್ಪತ್ರೆಗೇ ಬರಲಿಲ್ಲ. ಅದನ್ನೇ ನಾನು ಡಾಕ್ಟರನ್ನು ಕೇಳಿದೆ.

"ಇವರಿಗೆ ಮಾಡೋದ್ರಲ್ಲಿ ನಿಲ್ಸೋದೇ ಇಲ್ಲಮ್ಮ" ಅಂದರು.

ಹೊಡೆದುಕೊಳ್ಳುತ್ತಿರುವ ಹೃದಯವನ್ನು ಹೇಗೆ ಹೊಲಿಯುತ್ತಾರೆ? ತಡೆಯಲಾರದೆ ಅದನ್ನೂ ಕೇಳಿದೆ. ಚಿತ್ರ ಬರೆದು ತೋರಿಸಿದರು. ನಿಮ್ಮ ಹೊಲಿಗೆ ಮೆಷಿನ್ನಿನಲ್ಲಿ ಬಟ್ಟೆಯನ್ನು ಒತ್ತಿ ಹಿಡಿಯುವ ಕವಲು ಕಾಲು ಇದೆಯಲ್ಲ, ಅಂಥದ್ದೇ ಒಂದು. ಹೊಲಿಯುವ ಜಾಗವನ್ನಷ್ಟೇ ಅದು ಅಲುಗದಂತೆ ಹಿಡಿಯುತ್ತದೆ; ಉಳಿದ ಹೃದಯ ತನ್ನ ಪಾಡಿಗೆ ಹೊಡೆದುಕೊಳ್ಳುತ್ತಿರುತ್ತದೆ. ಕಾಲಿನಿಂದ ತೆಗೆದ ರಕ್ತನಾಳವನ್ನು ಅಲ್ಲಿ ಕೂಡಿಸಿ, ರಕ್ತಕ್ಕೆ ಹೊಸ ದಾರಿ ಮಾಡಿದ್ದಾರೆ.

ಬೆಳಿಗ್ಗೆ ಮಾವ ಮಾತಾಡಿದರು. ಇದನ್ನೆಲ್ಲ ಹೇಳಿದೆ.

"ನಿಮ್ಮತ್ತೆ ನಂಬಲ್ಲ. ಕರ್ಕೊಂಡ್ ಬಾ, ನಾಡಿ ಹಿಡಿದು ನೋಡ್ಲಿ" ಅಂದರು.

ನಾಲ್ಕು ಗಂಟೆಗೆ ಒಳಗೆ ಬಿಡುತ್ತಾರೆ. ಜೆ.ಪಿ. ನಗರದ ಆಸ್ಪತ್ರೆಯಿಂದ ಇವರು ಮೂರಕ್ಕೆಲ್ಲ ಆಟೊ ತರುತ್ತಾರೆ. ಈ ಸಲ ಬಾಗಿಲು ಹಾಕಿಕೊಂಡು ಕೂರಬೇಡಿ, ಅತ್ತೆ.

ಸೌಮ್ಯ